ಪ್ರಸ್ಥಾನದ ಚೀಲ

ಅರಕಲಗೂಡಿನಿಂದ ಚನ್ನರಾಯಪಟ್ಟಣಕ್ಕೆ ಹೋಗುವಷ್ಟು ದೂರದಲ್ಲಿ ಎರಡು ದೇಶಗಳ ರಾಜಧಾನಿಗಳಿವೆ ಎಂದು ನನ್ನ ಹೆಂಡತಿ ಕಾಮಾಕ್ಷಮ್ಮ ಫೋನಿನಲ್ಲಿ ಯಾವುದೋ ವಿಡಿಯೋ ನೋಡಿದ್ದೇ ನನ್ನ ಗ್ರಹಚಾರಕ್ಕೆ ಮೂಲ. ಒಂದು ವಿಯೆನ್ನಾ, ಇನ್ನೊಂದು ಬ್ರಾಟಿಸ್ಲಾವಾ. ಎರಡೂ ಒಂದೇ ಹೊಳೆಯ ದಡದಲ್ಲಿವೆಯಂತೆ, ಒಂದರಿಂದ ಇನ್ನೊಂದಕ್ಕೆ ದೋಣಿಯಲ್ಲಿ ಹೋಗಬಹುದಂತೆ.

"ಬೆಳಗ್ಗೆ ಒಂದ್ ದೇಸ್ದಲ್ಲಿ ತಿಂಡಿ ತಿಂದು, ಮದ್ಯಾನ ಇನ್ನೊಂದ್ ದೇಸ್ದಲ್ಲಿ ಉಣ್ಬೋದು ಕಣ್ರೀ" ಎಂದಳು.

"ಉಣ್ಣಕ್ಕೆ ಅಲ್ಲೇನ್ ನಿಂಗೆ ಮುದ್ದೆ ತಿರುವಿಕ್ಕಂಡು ಕಾಯ್ತಾವ್ರಾ?" ಎಂದೆ.

ನಾನು ಚನ್ನಪ್ಪ. ಹೊಳೆನರಸೀಪುರದಲ್ಲಿ ತೆಂಗಿನಕಾಯಿ ಮಂಡಿ ನಡೆಸಿಯೇ ತಲೆ ನರೆಸಿಕೊಂಡವನು. ವಿಮಾನ ಅಂದರೆ ನನಗೆ ಭಯ. ಆದರೆ ಕಾಮಾಕ್ಷಿ ಮದುವೆಯಾಗಿ ಬಂದಾಗಿನಿಂದ, ಹಾಲು ಕರೆಯಬೇಕು ಅಂತ, ತಂಗಿಯ ಮನೆಯಲ್ಲೂ ಒಂದು ರಾತ್ರಿ ನಿಂತವಳಲ್ಲ. ಹೋದ ವರ್ಷ ಕೊನೆಯ ಹಸುವನ್ನೂ ಶಾಂತಿಗ್ರಾಮದವರಿಗೆ ಮಾರಿದ ಮೇಲೆ ಅವಳು ಬಾಯಿಬಿಟ್ಟು ಕೇಳಿದ್ದು ಇದೊಂದನ್ನೇ. ಇಲ್ಲ ಅನ್ನಲು ನನಗೆ ನಾಲಿಗೆ ಏಳಲಿಲ್ಲ. ಹಾಸನದಲ್ಲಿ ಟ್ರಾವೆಲ್ಸ್ ಇಟ್ಟಿರುವ ಅರುಣ್‌ಕುಮಾರ್ ವೀಸಾ, ಟಿಕೆಟ್ ಎಲ್ಲ ಮಾಡಿಸಿಕೊಟ್ಟ. ಭಾನುವಾರ ಬೆಳಗ್ಗೆ ವಿಮಾನ.

ಅಲ್ಲಿಂದ ಶುರುವಾಯಿತು. ಭಾನುವಾರ ಪಶ್ಚಿಮ ದಿಕ್ಕಿಗೆ ಶೂಲೆ, ಆ ಕಡೆ ಪ್ರಯಾಣ ಹೊರಡಬಾರದು. ಯುರೋಪು ಇರುವುದು ಪಶ್ಚಿಮಕ್ಕೇ. ಪಕ್ಕದ ಮನೆಯ ಸಂಪತ್ಕುಮಾರರನ್ನು ಕೇಳಿದೆ. ಅವರು ದೇವಸ್ಥಾನದ ಅರ್ಚಕರು. ಪಂಚಾಂಗ ನೋಡದೆ ಕ್ಷೌರಕ್ಕೂ ಕೂರದ ಮನುಷ್ಯ.

"ವಿಮಾನ ಹತ್ತಕ್ಕೆ ಮೊದ್ಲು ಬೆಂಗ್ಳೂರಿಗೆ ಓಗ್ತೀವಲ್ಲ ಸ್ವಾಮಿ. ಅದು ಪೂರ್ವಕ್ಕಲ್ವಾ?"

"ಶನಿವಾರ ತಾನೇ ಮನೆ ಬಿಡೋದು? ಶನಿವಾರ ಪೂರ್ವಕ್ಕೆ ಶೂಲೆ."

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಹಾಗಾಯಿತು. ನನಗೆ ಒಳಗೊಳಗೇ ಖುಷಿ. ಅಷ್ಟರಲ್ಲಿ ಅವರೇ ದಾರಿ ತೋರಿಸಿಬಿಟ್ಟರು.

"ಕೊನೆಗೆ ಎಲ್ಲಿಗೆ ಹೋಗ್ತೀರೋ ಆ ದಿಕ್ಕೇ ಲೆಕ್ಕ. ಗುರುವಾರವೇ ಪ್ರಸ್ಥಾನ ಇಟ್ಟುಬಿಡಿ."

ಪ್ರಸ್ಥಾನ ಅಂದರೆ ಇಷ್ಟೇ. ಒಳ್ಳೆಯ ದಿನ ನೋಡಿ, ಪ್ರಯಾಣಕ್ಕೆ ಬೇಕಾದ ಏನನ್ನಾದರೂ ಒಯ್ದು, ಹೋಗುವ ದಿಕ್ಕಿನ ಯಾರದಾದರೂ ಮನೆಯಲ್ಲಿ ಇಟ್ಟು ಬರುವುದು. ಆ ವಸ್ತು ಹೊರಟರೆ ನಾವೇ ಹೊರಟಂತೆ, ಆಮೇಲೆ ಶೂಲೆಯ ಕಾಟವಿಲ್ಲ. ಆದರೆ ಇಟ್ಟದ್ದು ಮತ್ತೆ ನಮ್ಮ ಮನೆಯ ಹೊಸಿಲು ದಾಟಬಾರದು, ಇಟ್ಟವರೂ ಮನಸ್ಸು ಬದಲಾಯಿಸಬಾರದು. ಅಲ್ಲಿಂದಲೇ ಎತ್ತಿಕೊಂಡು ಹೋಗಬೇಕು.

ನಮಗೆ ಪಶ್ಚಿಮಕ್ಕಿರುವುದು ಸಂಪತ್ಕುಮಾರರದೇ ಮನೆ. ಅವರ ಹೆಂಡತಿ ಅಂಬುಜಮ್ಮನಿಗೂ ನನ್ನ ಹೆಂಡತಿಗೂ ಮಾತು ನಿಂತು ಏಳೆಂಟು ವರ್ಷ. ನಾವು ಗಂಡಸರು ಮಾತ್ರ ಕದ್ದು ಮಾತಾಡಿಕೊಂಡಿದ್ದೆವು. ಜಗಳ ಒಂದು ರವಿಕೆ ಕಣದ್ದು. ಅಂಬುಜಮ್ಮ ಅರಿಸಿನ ಕುಂಕುಮದ ಜೊತೆ ಕೊಟ್ಟ ಕಣವನ್ನು ಕಾಮಾಕ್ಷಿ ಅರಕಲಗೂಡಿನ ಅತ್ತಿಗೆಗೆ ಕೊಟ್ಟಳು. ಅವಳು ಚನ್ನರಾಯಪಟ್ಟಣದ ಬೀಗಿತ್ತಿಗೆ ಕೊಟ್ಟಳು. ಅದು ಕೈಯಿಂದ ಕೈಗೆ ಹೋಗಿ, ಜಿಲ್ಲೆಯೆಲ್ಲ ಸುತ್ತಿ, ಯಾವುದೋ ಸೀಮಂತದಲ್ಲಿ ಕಾಮಾಕ್ಷಿಯ ಮಡಿಲಿಗೇ ವಾಪಸ್ ಬಂತು. ಇವಳು ನೋಡದೆ ಅದನ್ನೇ ಗೌರಿ ಹಬ್ಬಕ್ಕೆ ಅಂಬುಜಮ್ಮನಿಗೆ ಕೊಟ್ಟಳು. ಮೂಲೆಯಲ್ಲಿ ಅವರದೇ ಮನೆಯ ಕಾಫಿ ಕಲೆ ಇತ್ತು.

"ಬ್ಯಾರೆ ಮನೇಲಿ ಇಡಾವ. ಹಿಂದ್ಲ ಬೀದೀಲಿ ಚಿಕ್ಕಲಕ್ಷ್ಮಮ್ಮ ಅವ್ಳಲ್ಲ, ಅವ್ಳ ಮನೇನೂ ಅದೇ ದಿಕ್ಕಿಗೆ" ಎಂದೆ.

"ಇಟ್ರೆ ಅಲ್ಲೇ. ಇಲ್ದಿದ್ರೆ ನಾನು ಓಗಾದೇ ಇಲ್ಲ" ಎಂದವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಓಗೋವಾಗ ಅವ್ರು ಬಾಗ್ಲಿಗೆ ಬಂದು ಓಗ್ಬಾ ಅನ್ಬೇಕು. ಅಷ್ಟು ದೂರ ಓಗ್ತೀನಿ, ಅವ್ರತ್ರ ಯೋಳದೆ ಎಂಗೋಗ್ಲಿ?"

ಆಗ ನನಗೆ ತಿಳಿಯಿತು. ಇವಳಿಗೆ ಬೇಕಾಗಿದ್ದ ರಾಜಧಾನಿ ಪಕ್ಕದ ಮನೆಯಲ್ಲಿತ್ತು. ಪಾಪ ಅನ್ನಿಸಿತು, ಸಿಟ್ಟೂ ಬಂತು.

ಗುರುವಾರ ಅವಳ ಕೈಚೀಲಕ್ಕೆ ಒಂದು ಸೀರೆ ಹಾಕಿ, ಬೇಕಾದ ವಸ್ತು ಇರಬೇಕಲ್ಲ ಅಂತ ಇಬ್ಬರ ಪಾಸ್‌ಪೋರ್ಟನ್ನೂ ಅದರಲ್ಲೇ ತುರುಕಿ, ನಾನೇ ಕೊಟ್ಟು ಬಂದೆ. ಅಂಬುಜಮ್ಮ ಚೀಲ ತೆಗೆದುಕೊಂಡು ಒಳಗೆ ಹೋದರು.

ಆಮೇಲೆ ನನ್ನ ಮನೆಯಲ್ಲಿ ಅನ್ನ ನಿಂತಿತು. ಕಾಮಾಕ್ಷಿ ಹೊರಟುಬಿಟ್ಟಿದ್ದಾಳೆ, ಹೊರಟವಳು ಒಲೆ ಹಚ್ಚುವುದು ಹೇಗೆ? ನಾಮಕರಣಕ್ಕೆ ಕರೆಯಲು ಬಂದವರಿಗೆ ಅವಳೇ ಬಾಗಿಲಲ್ಲಿ ನಿಂತು, "ನಾನು ಊರಲ್ಲಿಲ್ಲ ಕಣವ್ವ" ಎಂದು ಹೇಳಿ ಕಳಿಸಿದಳು. ಅವರೂ, "ಅಂಗಾ, ಬಂದ್ಮೇಲೆ ಬತ್ತೀವಿ ಬುಡಿ" ಎಂದು ಹೋದರು. ನಾನು ಹೋಟೆಲಿನ ಇಡ್ಲಿ ತಿಂದುಕೊಂಡಿದ್ದೆ.

ಶನಿವಾರ ಬೆಳಗ್ಗೆ ಅರುಣ್‌ಕುಮಾರ್ ಫೋನ್ ಮಾಡಿದ. "ಸಾ, ನನ್ ಮೊಬೈಲ್ ನೀರಿಗೆ ಬಿದ್ದೋಯ್ತು, ಇದು ಬ್ಯಾರೆ ಫೋನು. ಪಾಸ್‌ಪೋರ್ಟ್ ಫೋಟೋ ಇನ್ನೊಂದ್ಸಲ ಕಳ್ಸಿ, ಈಗ್ಲೇ ಚೆಕ್‌ಇನ್ ಮಾಡ್ಬೇಕು."

ಓಡಿದೆ. ಅಂಬುಜಮ್ಮನ ನಡುಮನೆಯಲ್ಲಿ ಚೀಲವನ್ನು ಮಣೆಯ ಮೇಲೆ ಕೂರಿಸಿದ್ದರು. ಹಿಡಿಗೆ ಅರಿಸಿನ ಕುಂಕುಮ, ಮುಂದೆ ಲೋಟದಲ್ಲಿ ಕಾಫಿ, ತಟ್ಟೆಯಲ್ಲಿ ಎರಡು ಕೋಡುಬಳೆ. ನಾನು ಜಿಪ್ಪಿಗೆ ಕೈ ಹಾಕಿದ್ದೇ ತಡ, ಅಂಬುಜಮ್ಮ ಗದರಿದರು.

"ಕೈ ತೆಗೀರಿ! ಅದು ಚೀಲ ಅಲ್ಲ, ಕಾಮಾಕ್ಷಿ. ಪರರ ಮನೇಲಿ ಕೂತಿರೋ ಹೆಂಗಸಿನ ಮೈ ಮುಟ್ತೀರಾ?"

"ನನ್ನ ಎಂಡ್ತಿ ಕಣ್ರಮ್ಮಾ!"

"ಆದರೇನು? ಅವಳು ಒಪ್ಪಬೇಕು." ಚೀಲದ ಕಡೆಗೆ ಬಗ್ಗಿದರು. "ಏನೇ ಕಾಮಾಕ್ಷಿ, ಪಾಸ್‌ಪೋರ್ಟ್ ತೆಗೀಲೇನೇ?"

ಚೀಲ ಸುಮ್ಮನಿತ್ತು. "ನೋಡಿ, ಒಪ್ಪಲಿಲ್ಲ" ಎಂದರು.

ನನ್ನ ತಲೆ ಕೆಟ್ಟು ಗೊಬ್ಬರವಾಯಿತು. ಫೋನಿನಲ್ಲಿ ಇನ್ನೂ ಕಾಯುತ್ತಿದ್ದ ಅರುಣ್‌ಕುಮಾರ್, "ಇನ್ನೊಂದ್ಸಲ ಕೇಳಿ ಸಾ, ಬ್ಯಾಗ್ ಒಪ್ಬೋದು" ಎಂದ. ಲೋಕಕ್ಕೇ ಹುಚ್ಚು ಹಿಡಿದಿದೆ ಅನ್ನಿಸಿತು.

ಅಂಬುಜಮ್ಮ ಮತ್ತೆ ಕೇಳಿದರು. ಈ ಸಲ ದನಿ ಸಣ್ಣದಾಗಿತ್ತು. "ಮಾತಾಡೇ ಕಾಮಾಕ್ಷಿ. ಎಷ್ಟು ವರ್ಷ ಅಂತ ಹೀಗೇ ಬಾಯಿಗೆ ಬೀಗ ಹಾಕ್ಕೊಂಡಿರ್ತೀಯಾ? ಒಂದು ಗೇಣು ಬಟ್ಟೆಗೋಸ್ಕರ?"

ಕಾಂಪೌಂಡಿನ ಆಚೆ ಕಿವಿಗೊಟ್ಟು ನಿಂತಿದ್ದ ಕಾಮಾಕ್ಷಿ ಕೂಗಿದಳು. "ತಗೀರಿ ಅಂಬುಜಮ್ಮೋರೇ! ತಗೀರಿ!"

ಅಂಬುಜಮ್ಮ ಗೋಡೆಯ ಕಡೆ ತಿರುಗಿಯೂ ನೋಡಲಿಲ್ಲ. ಚೀಲದ ಹಿಡಿಯನ್ನು ಸವರಿದರು. "ಒಪ್ಪಿದಳು. ನಾನು ಹೇಳಲಿಲ್ಲವಾ, ಅವಳು ಒಳ್ಳೆಯವಳು" ಎಂದು ಪಾಸ್‌ಪೋರ್ಟ್ ತೆಗೆದುಕೊಟ್ಟರು. ಕಣ್ಣು ತುಂಬಿತ್ತು. ನಾನು ಅಲ್ಲೇ ಫೋಟೋ ತೆಗೆದು ಕಳಿಸಿ, ಪಾಸ್‌ಪೋರ್ಟನ್ನು ಮತ್ತೆ ಚೀಲಕ್ಕೇ ಸೇರಿಸಿದೆ.

ಅವತ್ತು ಮಧ್ಯಾಹ್ನವೆಲ್ಲ ಇಬ್ಬರೂ ಚೀಲದ ಮೂಲಕ ಮಾತಾಡಿದರು. ಒಬ್ಬರು ಮಣೆಯ ಮುಂದೆ ಕೂತು ಕೇಳುವುದು, ಇನ್ನೊಬ್ಬಳು ಗೋಡೆಯಾಚೆಯಿಂದ ಕೂಗುವುದು. ಯಾರ ಮಗಳ ಮದುವೆ, ಯಾರ ಮಂಡಿ ನೋವು, ಆ ಕಣ ಯಾವ ಯಾವ ಮನೆ ಹೊಕ್ಕು ಬಂತು, ಎಲ್ಲವೂ ಬಂತು. ಕೊನೆಗೆ ಇಬ್ಬರೂ ಬಿದ್ದು ಬಿದ್ದು ನಕ್ಕರು. ಜೊತೆಗೆ ಕೂತು ಆಡಬಹುದಲ್ಲ ಅಂದರೆ, "ನಾನು ಊರಲ್ಲಿಲ್ವಲ್ಲ" ಎಂದು ಕಾಮಾಕ್ಷಿ ನನ್ನ ಮೇಲೇ ರೇಗಿದಳು.

ಸಂಜೆ ಕಾರು ಬಂತು. ಕಾಮಾಕ್ಷಿ ಚೀಲ ತರಲು ಪಕ್ಕದ ಮನೆಯ ಮೆಟ್ಟಿಲು ಹತ್ತಿದಳು. ಅಂಬುಜಮ್ಮ ಬಾಗಿಲಿಗೆ ಬಂದರು. ಹೋಗಿ ಬಾ ಅನ್ನುತ್ತಾರೆ, ನಾವು ಹೊರಡಬಹುದು ಎಂದುಕೊಂಡೆ. ಅವರು ಅನ್ನಲಿಲ್ಲ. ಚೀಲದ ಜೊತೆಗೆ ಒಂದು ಬಟ್ಟೆಯ ಗಂಟನ್ನೂ ಕಾಮಾಕ್ಷಿಯ ಕೈಗಿಟ್ಟರು.

"ಇದು ನನ್ನ ಪ್ರಸ್ಥಾನ ಕಣೇ. ದೋಣೀಲಿ ಹೋಗ್ತೀಯಲ್ಲ, ಆ ಎರಡನೇ ಊರಿನಲ್ಲಿ ಯಾರ ಮನೆಯಲ್ಲಾದರೂ ಇಟ್ಟು ಬಾ."

ದೇವಸ್ಥಾನಕ್ಕೆ ಹೊರಟಿದ್ದ ಸಂಪತ್ಕುಮಾರರು ನಿಂತಲ್ಲೇ ನಿಂತರು. ಅಂಬುಜಮ್ಮ ಆ ದೇವರಿಗೆ ಎರಡು ಹೊತ್ತು ನೈವೇದ್ಯ ಬೇಯಿಸುತ್ತಾ ಬಂದವರು. ಜಿನನಾಥಪುರದ ಬಸದಿ ನೋಡಬೇಕು ಅಂತ ಆಸೆಪಟ್ಟರೂ, ನೈವೇದ್ಯ ತಪ್ಪುತ್ತದೆ ಅಂತ ಈ ಮನುಷ್ಯ ಅಷ್ಟು ಹತ್ತಿರಕ್ಕೂ ಕರೆದುಕೊಂಡು ಹೋಗಿರಲಿಲ್ಲ.

"ಅಂಬುಜಾ, ರಾತ್ರಿ ನೈವೇದ್ಯ?" ಎಂದರು.

"ಯಾರನ್ನ ಕೇಳ್ತಿದೀರಿ? ನಾನು ಹೊರಟು ಆಯ್ತಲ್ಲ."

"ನಿನಗೆ ಪಾಸ್‌ಪೋರ್ಟೇ ಇಲ್ಲವಲ್ಲೇ!"

"ಮಾಡಿಸ್ತೀರಿ. ಪ್ರಸ್ಥಾನ ಇಟ್ಟವರು ಮನಸ್ಸು ಬದಲಾಯಿಸೋ ಹಾಗಿಲ್ಲ ಅಂತ ಊರಿಗೆಲ್ಲ ಹೇಳೋರು ನೀವೇ ಅಲ್ಲವಾ?"

ಅರ್ಚಕರು ಶಾಸ್ತ್ರದಲ್ಲಿ ಎಲ್ಲಾದರೂ ಸಂದು ಸಿಗುತ್ತದೇನೋ ಎಂದು ಹುಡುಕುತ್ತಿದ್ದದ್ದು ಮುಖದಲ್ಲೇ ಕಾಣುತ್ತಿತ್ತು. ಸಿಗಲಿಲ್ಲ.

"ಅಲ್ಲೇ ಬುಟ್ಟು ಬತ್ತೀನಿ ಅಂಬುಜಮ್ಮೋರೇ. ನೀವೇ ಬಂದು ಎತ್ಕಬೇಕು" ಎಂದಳು ಕಾಮಾಕ್ಷಿ. ಅಂಬುಜಮ್ಮ ಅವಳ ಕೆನ್ನೆ ಸವರಿ, "ಬರ್ತೀನಿ" ಎಂದರು.

ಗಂಟನ್ನು ಕಾಮಾಕ್ಷಿ ಹಿಂದಿನ ಸೀಟಿನಲ್ಲಿ ತನ್ನ ಪಕ್ಕಕ್ಕೆ ಕೂರಿಸಿಕೊಂಡಳು. ನನ್ನನ್ನು ಡ್ರೈವರ್ ಪಕ್ಕಕ್ಕೆ ಓಡಿಸಿದಳು. ಕಾರು ಹೊರಡುವಾಗ ಸಂಪತ್ಕುಮಾರರು ಬೇಗ ಬೇಗ ಬಂದು ಕಿಟಕಿ ತಟ್ಟಿದರು. ಗಂಟು ಬೇಡ, ಇಳಿಸಿ ಅನ್ನುತ್ತಾರೆಂದು ಗಾಜು ಇಳಿಸಿದೆವು. ಅವರು ನನ್ನನ್ನೂ ನೋಡಲಿಲ್ಲ, ಕಾಮಾಕ್ಷಿಯನ್ನೂ ನೋಡಲಿಲ್ಲ. ಕತ್ತು ಒಳಗೆ ಹಾಕಿ, ಆ ಗಂಟಿನ ಹತ್ತಿರ ಬಗ್ಗಿದರು.

"ಅಲ್ಲಿ ಚಳಿ ಜಾಸ್ತಿಯಂತೆ ಅಂಬುಜಾ. ಕಿವಿಗೆ ಬಟ್ಟೆ ಕಟ್ಕೋ. ಹೊತ್ತಿಗೆ ಸರಿಯಾಗಿ ಊಟ ಮಾಡು, ನಮ್ಮ ಯೋಚನೆ ಬೇಡ" ಎಂದರು.

ಅವರ ಬೆನ್ನ ಹಿಂದೆ, ಜಗಲಿಯ ಕಂಬ ಹಿಡಿದು ನಿಂತಿದ್ದ ಅಂಬುಜಮ್ಮ, "ಆಗಲಿ ಕಣ್ರೀ" ಎಂದು ಮೆಲ್ಲಗೆ ಉತ್ತರ ಕೊಟ್ಟರು.