ಸುಣ್ಣ ಹಾಕದ ಗಾರೆ

ನಮ್ಮಪ್ಪನ ಆಟದ ರೈಲು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಶಿವನಸಮುದ್ರದ ಪವರ್ ಹೌಸಿನಲ್ಲಿ ದುಡಿದು ರಿಟೈರಾದ ಮನುಷ್ಯ, ಕೊಪ್ಪದ ಮನೆಯ ಹಿತ್ತಲಲ್ಲಿ ಅಮ್ಮನ ಕನಕಾಂಬರ ಕಿತ್ತೆಸೆದು ಮೂರು ಬೆರಳಗಲದ ಹಳಿ ಹಾಕಿಕೊಂಡಿದ್ದ. ಮಣ್ಣು ತೋಡಿ ಜಲ್ಲಿ ತುಂಬುವುದು, ಹಳಿ ಕೂರಿಸುವುದು, ಸುತ್ತ ಸಣ್ಣ ಕಲ್ಲು ಹರಡುವುದು. ಮಳೆ ಬಂತೋ, ಕಲ್ಲೆಲ್ಲ ಕೊಚ್ಚಿಹೋಗಿ ಹಳಿ ಜೋತುಬಿದ್ದು ರೈಲು ಮಗುಚುತ್ತಿತ್ತು. ಮತ್ತೆ ಮೊದಲಿಂದ ಶುರು.

"ಸಿಮೆಂಟು ಹಾಕಿ ಮುಗಿಸಪ್ಪ," ಅಂದರೆ, "ಬಿಸಿಲ್ಗೆ ಹಳಿ ಇಗ್ಗಬೇಕು ಕಣವ್ವ, ಬಿಗುದ್ರೆ ಸೊಟ್ಟಾಯ್ತದೆ," ಅನ್ನುತ್ತಿದ್ದ.

ಅಷ್ಟರಲ್ಲಿ ಮಳವಳ್ಳಿಯ ಶಶಿಧರ್ ನನ್ನನ್ನು ನೋಡಲು ಬರುವುದು ನಿಶ್ಚಯವಾಯಿತು. ನಾವಿಬ್ಬರೂ ಫೋನಿನಲ್ಲಿ ಮಾತಾಡಿ ಒಪ್ಪಿಕೊಂಡಾಗಿತ್ತು. ಅವನ ತಾಯಿ ದೇವಿರಮ್ಮ ಹೂಂ ಅನ್ನುವುದೊಂದೇ ಬಾಕಿ. ಗಂಡನನ್ನು ಕುಡಿತಕ್ಕೆ ಕಳೆದುಕೊಂಡಾಕೆ, ಕುಡುಕರ ಮನೆಯ ಹೆಣ್ಣು ಬೇಡವೆಂದು ಮೊದಲೇ ಹೇಳಿ ಕಳಿಸಿದ್ದಳು. ನಮ್ಮಪ್ಪ ಜನ್ಮದಲ್ಲಿ ಮುಟ್ಟಿದವನಲ್ಲ ಅಂತ ಶಶಿಧರ್‌ಗೆ ನಾನೇ ಎಷ್ಟೋ ಸಲ ಹೇಳಿದ್ದೆ.

ಅಪ್ಪನಿಗೆ ಹೊಸ ಹುಚ್ಚು ಹಿಡಿಯಿತು. ಬೀಗರಿಗೆ ಎಲೆ ಅಡಿಕೆ ರೈಲಿನಲ್ಲೇ ಹೋಗಬೇಕಂತೆ! ಕಲ್ಲು ಜರುಗದ ಹಾಗೆ ಹಳೇ ಕಾಲದ ಗಾರೆ ಹಾಕುತ್ತೇನೆಂದು ಹೊರಟ. ಸುಣ್ಣಕ್ಕೆ ಬೆಲ್ಲದ ನೀರು ಕಲಸಿ ಅರೆಯುವ ಗಾರೆ. ಆದರೆ ಸುಣ್ಣ ಹಾಕಿದರೆ ಕಲ್ಲು ಬೆಳ್ಳಗಾಗಿ ನಿಜವಾದ ರೈಲುದಾರಿ ಥರ ಕಾಣುವುದಿಲ್ಲ ಅಂತ ಸುಣ್ಣ ಬಿಟ್ಟ. ಆಲೆಮನೆಯಿಂದ ಕೆಟ್ಟುಹೋದ ಜೋನಿಬೆಲ್ಲ ತಂದು ಹಳಿಯುದ್ದಕ್ಕೂ ಹುಯ್ದ.

ಬಿಸಿಲಿಗೆ ಅದು ಹುಳಿಯಿತು. ಕಲ್ಲು ಕಾಣದಷ್ಟು ನೊಣ, ಕಪ್ಪು ಗೊದ್ದದಿರುವೆ. ಅಂಟಿಕೊಂಡು ಸತ್ತ ಜಿರಳೆಗಳ ಮೇಲೆ ಇರುವೆ ಸಾಲು. ನಾನು ಬಕೆಟ್‌ಗಟ್ಟಲೆ ನೀರು ಹುಯ್ದೆ, ನಾತ ಇನ್ನೂ ಹೆಚ್ಚಿತು. ಥೂ, ನೆನೆದರೆ ಈಗಲೂ ವಾಕರಿಕೆ ಬರುತ್ತದೆ.

ಶಶಿಧರ್, ದೇವಿರಮ್ಮ ಬಂದು ಜಗಲಿಯಲ್ಲಿ ಕೂತರು. ನಾನು ಕಾಫಿ ಕೊಡುವಷ್ಟರಲ್ಲಿ ಹಿತ್ತಲ ಕಡೆಯಿಂದ ಗಾಳಿ ಬೀಸಿತು. ದೇವಿರಮ್ಮ ಮೂಗಿಗೆ ಸೆರಗು ಹಿಡಿದು ಎದ್ದೇಬಿಟ್ಟಳು. "ಕಳ್ಳಬಟ್ಟಿ ವಾಸ್ನೆ ಕಣ್ಲಾ ಇದು! ಕಾಯ್ಸೋರ ಮನೆಗಾ ನನ್ನ ಕರ್ಕಬಂದಿರಾದು?"

ಅಪ್ಪ ಹಿತ್ತಲಿಗೆ ಓಡಿ ಒಂದು ಕಲ್ಲು ಕಿತ್ತು ತಂದ. "ಬೆಲ್ಲ ಕಣ್ರವ್ವ, ಬರೀ ಬೆಲ್ಲ! ನೋಡಿ!" ಅಂದವನೇ ಇರುವೆ ಸಮೇತ ಬಾಯಿಗೆ ಹಾಕಿಕೊಂಡು ಚೀಪಿದ. ಮೀಸೆಯ ಮೇಲೆ ಗೊದ್ದ ಹರಿದಾಡುತ್ತಿತ್ತು, ತುಟಿಯಂಚಲ್ಲಿ ಕಂದು ಜೊಲ್ಲು ಇಳಿಯುತ್ತಿತ್ತು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ದೇವಿರಮ್ಮ ಮಗನ ಕಡೆ ತಿರುಗಿದಳು. "ಇವ್ರು ಕುಡಿಯಾಕಿಲ್ಲ ಅಂದಿದ್ಯಲ್ಲ, ಈಗೇಳ್ಲಾ, ಕುಡಿತಾರಾ ಇಲ್ವಾ?"

ನಾನೂ ಅವನನ್ನೇ ನೋಡಿದೆ. ಒಂದೇ ಒಂದು ಮಾತು ಸಾಕಿತ್ತು. ಶಶಿಧರ್ ಕರ್ಚೀಫು ಮೂಗಿಗೊತ್ತಿಕೊಂಡು, ಶೂ ತುದಿ ನೋಡುತ್ತ, "ನಂಗೇನ್ ಗೊತ್ತಮ್ಮ, ಅವ್ಳು ಅಂಗಂದ್ಲು ಅಷ್ಟೇಯ," ಅಂದ.

ಅಪ್ಪ ಕಲ್ಲನ್ನು ಉಗಿಯಲೂ ಆಗದೆ ನುಂಗಲೂ ಆಗದೆ ನನ್ನ ಮುಖ ನೋಡುತ್ತ ನಿಂತಿದ್ದ. ಹತ್ತಿರ ಹೋಗಿ ಅವನ ಬಾಯಿಗೆ ಅಂಗೈ ಒಡ್ಡಿದೆ.

"ಉಗಿಯಪ್ಪ."

ಉಗಿದ. ಎಂಜಲು, ಇರುವೆ, ಕಲ್ಲು. ಯಾಕೋ ಅಸಹ್ಯ ಅನ್ನಿಸಲಿಲ್ಲ. ಅದನ್ನು ಹಿಡಿದುಕೊಂಡೇ ಶಶಿಧರ್‌ಗೆ ಹೇಳಿದೆ.

"ನೀವಿನ್ನು ಒರಡಿ. ನಂಗೆ ವಾಕರಿಕೆ ಬತ್ತಾ ಐತೆ."