ಹೊಟ್ಟೆಯೊಳಗಿನ ಸಿಳ್ಳೆ

ಆ ಮನೆಯ ಸೊಸೆ ಹಗಲೆಲ್ಲ ಬಟ್ಟೆ ಹೊಲಿಯುವಳು. ಬಿಡುವು ಸಿಕ್ಕರೆ ಬೆಸುಗೆ ಕಡ್ಡಿ ಹಿಡಿದು ಸರ್ಕ್ಯೂಟು ಕಟ್ಟುವ ಚಟ. ತುಂಬು ಬಸುರಿ ನಾದಿನಿ ತನ್ನ ಮಗುವಿನ ಎದೆಬಡಿತ ಮನೆಯಲ್ಲೇ ಕೇಳಬೇಕೆಂದು ಹಟ ಹಿಡಿದಾಗ, ಇವಳು ಸ್ಟೆತಾಸ್ಕೋಪಿನ ಕೊಳವೆಯೊಳಗೆ ಪುಟ್ಟ ಮೈಕು ಕೂರಿಸಿ, ಸದ್ದು ಹಿಗ್ಗಿಸುವ ಆಂಪ್ಲಿಫೈಯರನ್ನೂ ಹೆಡ್‌ಫೋನನ್ನೂ ಜೋಡಿಸಿ, ಮೊಬೈಲ್ ಚಾರ್ಜರಿನಿಂದ ಕರೆಂಟು ಕೊಟ್ಟಳು.

ಹೊಟ್ಟೆಗೆ ತಾಗಿಸಿ ಇಬ್ಬರೂ ಸರದಿಯಲ್ಲಿ ಕೇಳಿದರೆ ಬಂದದ್ದು ಸಣ್ಣ ಸಿಳ್ಳೆ. ನಾದಿನಿಯ ಮುಖ ಬಿಳಿಚಿತು.

"ಅತ್ತಿಗೆ, ಮಗು ಹೀಗೆ ಸದ್ದು ಮಾಡುತ್ತಾ?"

ಚಾರ್ಜರಿನದೇ ಕಿತಾಪತಿ, ಅದು ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ ಕೊಡುತ್ತದೆ, ಆ ಗಲಾಟೆ ತಂತಿಯಲ್ಲಿ ಹರಿದು ಬರುತ್ತದೆ ಎಂದು ಸೊಸೆ ಸಮಾಧಾನ ಹೇಳಿದಳು. ಆ ಗಲಾಟೆ ಸೋಸಲು ಕೆಪಾಸಿಟರ್ ಹಾಕಿದಳು, ಸಿಳ್ಳೆ ತುಸು ತಗ್ಗಿತು. ತಂತಿಗೆ ಗಲಾಟೆ ಹೀರುವ ಫೆರೈಟ್ ಬಳೆ ತೊಡಿಸಿದಳು, ಏನೂ ಆಗಲಿಲ್ಲ. ಗೋಡೆಯ ಸಹವಾಸವೇ ಬೇಡವೆಂದು ಪವರ್ ಬ್ಯಾಂಕಿಗೆ ಸಿಕ್ಕಿಸಿದಳು. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ ಅನ್ನುವ ಹಾಗೆ ಸಿಳ್ಳೆ ಮತ್ತೆ ಹಾಜರು, ಈ ಸಲ ಬೇರೆ ಸ್ವರದಲ್ಲಿ.

ಈಗ ಅವಳಿಗೇ ತಲೆಬುಡ ತಿಳಿಯಲಿಲ್ಲ. ಕತ್ತರಿಸುವ ಚಾರ್ಜರೇ ಇಲ್ಲದ ಮೇಲೆ ಸದ್ದು ಎಲ್ಲಿಂದ? ಮೈಕನ್ನು ಮೇಜಿನ ಮೇಲಿಟ್ಟರೂ ಸಿಳ್ಳೆ, ದಿಂಬಿಗೆ ಒತ್ತಿದರೂ ಸಿಳ್ಳೆ. ಅತ್ತೆ ಒಮ್ಮೆ ಹೆಡ್‌ಫೋನು ಕಿವಿಗಿಟ್ಟುಕೊಂಡು, ಕೂಸು ಹಾಡುತ್ತಿದೆ, ಯಾಕೆ ಒದ್ದಾಡುತ್ತೀರಿ ಎಂದು ತೀರ್ಪು ಕೊಟ್ಟು ಒಳಗೆ ಹೋದರು.

ಎಷ್ಟೋ ಹೊತ್ತಿನ ಮೇಲೆ ಹೊಳೆಯಿತು: ಪವರ್ ಬ್ಯಾಂಕಿನ ಹೊಟ್ಟೆಯಲ್ಲೂ ವೋಲ್ಟೇಜ್ ಏರಿಸುವ ಪುಟ್ಟ ಸರ್ಕ್ಯೂಟು ಇದೆ, ಅದೂ ಕರೆಂಟು ಕತ್ತರಿಸುವ ಜಾತಿಯದೇ. ಗಡಿಯಾರ, ರಿಮೋಟುಗಳಿಂದ ಸೆಲ್ಲು ಕಿತ್ತು, ಸಾಲಾಗಿ ಜೋಡಿಸಿ ಕರೆಂಟು ನೇರವಾಗಿ ಕೊಟ್ಟಳು.

ಪೂರ್ತಿ ನಿಶ್ಶಬ್ದ.

"ಸತ್ತೇ ಹೋಯ್ತಾ?" ಎಂದಳು ನಾದಿನಿ, ತಾನೂ ಕೇಳಿ ನೋಡಿ. ಯಂತ್ರದ ಬಗ್ಗೆ ಕೇಳಿದ ಮಾತೇ, ಆದರೂ ಇಬ್ಬರ ಕಣ್ಣೂ ಹೊಟ್ಟೆಯ ಕಡೆಗೇ ಹೋಯಿತು.

ಸೊಸೆ ಹೆಡ್‌ಫೋನನ್ನು ಮರಳಿ ತನ್ನ ಕಿವಿಗಿಟ್ಟುಕೊಂಡು ಮೈಕನ್ನು ಹೊಕ್ಕುಳ ಕೆಳಗೆ, ಎಡಕ್ಕೆ, ಬಲಕ್ಕೆ ಸರಿಸುತ್ತ ಹೋದಳು. ಒಂದೆಡೆ ಮೆತ್ತಗಿನ, ಬಿರುಸಾದ ಬಡಿತ ಸಿಕ್ಕಿತು. ನಂಬಿಕೆ ಬರಲಿಲ್ಲ. ನಾದಿನಿಯ ಮಣಿಕಟ್ಟು ಹಿಡಿದು ನೋಡಿದಳು, ಅವಳ ನಾಡಿ ನಿಧಾನ. ತನ್ನದನ್ನೂ ಹಿಡಿದು ನೋಡಿದಳು, ಅದೂ ತಾಳೆಯಾಗಲಿಲ್ಲ.

ಹೆಡ್‌ಫೋನು ಕಳಚಿ ನಾದಿನಿಯ ಕಿವಿಗೆ ಇಟ್ಟಳು.

"ಅವನದೋ ಅವಳದೋ ನನಗೆ ಗೊತ್ತಿಲ್ಲ," ಎಂದಳು. "ನಮ್ಮಿಬ್ಬರದಂತೂ ಅಲ್ಲ."