ಚೊಂಬಿನ ಗಂಜಲ

"ಕುಡಿಯಮ್ಮಿ, ಮುಂಡೆ. ಒಂದೇ ಗುಟುಕು. ಆಮೇಲೆ ಎತ್ತು ನಿನ್ ಗಂಡನ್ ಎಣ."

ಊರ ಯಜಮಾನ ನೀಲಕಂಠಸ್ವಾಮಿ ಗಂಜಲದ ಚೊಂಬನ್ನು ಕೈಯಾರೆ ಕೊಡಲಿಲ್ಲ. ಅವನ ತಮ್ಮನ ಮಗ ಮಲ್ಲೇಶ ಅದನ್ನು ಕೇರಿಯ ಬಾಯಲ್ಲಿ ನೆಲದ ಮೇಲಿಟ್ಟು, ಸೋಮಮ್ಮನ ನೆರಳು ತಾಕದಂತೆ ಹಿಂದೆ ಸರಿದ. ಮೇಲಿನ ನೊರೆ ಇನ್ನೂ ಆರಿರಲಿಲ್ಲ.

ಹಿಂದೆ ಚಟ್ಟದ ಮೇಲೆ ಅವಳ ಗಂಡ ಮೂಗಯ್ಯ. ನಿನ್ನೆ ಬೆಳಿಗ್ಗೆ ಸತ್ತವನ ಹೊಟ್ಟೆ ಬಿಸಿಲಿಗೆ ಉಬ್ಬಿ, ಮೂಗಿನ ಹತ್ತಿ ಒದ್ದೆಯಾಗಿತ್ತು. ಸುಡುಗಾಡಿನ ದಾರಿಗೆ ಟ್ರಾಕ್ಟರ್ ಅಡ್ಡ ನಿಂತಿತ್ತು. ಬೇಗೂರಿನ ಪ್ರಾರ್ಥನೆ ಶೆಡ್ಡಿಗೆ ಹೋಗುವವನಿಗೆ ಈ ಊರಲ್ಲಿ ಮಣ್ಣಿಲ್ಲ. ಬೇಕಾದರೆ ಹೆಂಡತಿ ಗಂಜಲ ಕುಡಿದು, ಹೆಣದ ಹಣೆಗೆ ವಿಭೂತಿ ಬಳಿದು, ಏಸುವನ್ನು ಬಿಟ್ಟೆವು ಅನ್ನಬೇಕು. ಶಾಂತಿ ಕೆಡಬಾರದೆಂದು ಪೊಲೀಸರು ಪಾಸ್ಟರನ್ನೇ ಜೀಪಿಗೆ ಹತ್ತಿಸಿಕೊಂಡು ಹೋಗಿದ್ದರು. ಅದೇನು ಶಾಂತಿಯೋ, ಥೂ.

ಆ ಶೆಡ್ಡಿಗೆ ಹೋಗತೊಡಗಿದ ಮೇಲೆಯೇ ಮೂಗಯ್ಯ ಕುಡಿತ ಬಿಟ್ಟಿದ್ದ, ಹೆಂಡತಿಯ ಮೇಲೆ ಕೈ ಎತ್ತುವುದನ್ನೂ ಬಿಟ್ಟಿದ್ದ. ಕುಡಿದು ಚರಂಡಿಯಲ್ಲಿ ಬಿದ್ದಿದ್ದಾಗ ಅವನು ಯಾವ ದೇವರವನೆಂದು ಯಾರೂ ಕೇಳಿರಲಿಲ್ಲ.

"ಕುಡ್ದುಬುಡಕ್ಕ," ಪಕ್ಕದ ಮನೆಯ ಈರಮ್ಮ ಪಿಸುಗುಟ್ಟಿದಳು. ಅವಳೂ ಶೆಡ್ಡಿಗೆ ಹೋಗುವವಳೇ. "ಎಣ ನಾರ್ತಾ ಅದೆ. ಏಸಪ್ಪ ಏನೂ ಅನ್ಕಳಲ್ಲ."

ಸೋಮಮ್ಮ ಚೊಂಬು ಎತ್ತಿಕೊಂಡಳು. ನೀಲಕಂಠಸ್ವಾಮಿಯ ಮುಖ ಅರಳಿತು. ಆ ನಾತ ಅವಳಿಗೆ ಹೊಸದಲ್ಲ. ಮದುವೆಯಾಗಿ ಬಂದಾಗಿನಿಂದ ಅವನ ಕೊಟ್ಟಿಗೆ ಬಾಚಿದವಳು ಅವಳೇ. ಅವನ ಹೆಂಡತಿ ಚಂದ್ರಮತಿ ಇವತ್ತಿಗೂ ಅವಳ ಬೊಗಸೆಗೆ ಮೇಲಿಂದ ನೀರು ಸುರಿಯುತ್ತಿದ್ದಳು.

"ಬುದ್ದೀ, ನಿಮ್ ಗಂಜಲ್ದಲ್ಲೇ ನಿಂತ್ಕಂಡು ಮುದ್ಕಿ ಆದೆ. ಸುದ್ದ ಆಗವ್ಳೆ ಅಂತ ಒಂದಿನನಾರ ಒಳಿಕ್ಕೆ ಕರ್ದ್ರಾ? ಮೈಯೆಲ್ಲ ಬಳ್ಕಂಡ್ರೂ ಓಗ್ದಿದ್ ಮೈಲ್ಗೆ ಒಂದ್ ಗುಟುಕ್ಗೆ ಓಯ್ತದಾ?"

"ನಾಲ್ಗೆ ಉದ್ದ ಆಯ್ತು ಬೋಸುಡಿ. ಅದೆಲ್ಲಿ ಮಣ್ ಮಾಡೀಯೋ ನೋಡ್ತೀನಿ."

ಅವಳು ಚೊಂಬನ್ನು ಅಲ್ಲೇ ಬೋರಲು ಹಾಕಿದಳು. ಮನೆಯೊಳಗೆ ಹೋಗಿ, ಒಲೆಯ ಪಕ್ಕ, ಗಂಡ ಹೆಂಡಿರು ಚಾಪೆ ಹಾಸುತ್ತಿದ್ದ ಜಾಗಕ್ಕೇ ಹಾರೆ ಹಾಕಿದಳು. ಈರಮ್ಮ ಹಿಂದೆಯೇ ಒಳಗೆ ಬಂದಳು. ಸೆರಗು ಸಿಕ್ಕಿಸಿ, ಮಣ್ಣು ಹೊರುವ ಮಂಕರಿ ಹಿಡಿದಳು.

ಹಾರೆಯ ಸದ್ದಿಗೆ ನೀಲಕಂಠಸ್ವಾಮಿ ನಿಂತಲ್ಲೇ ಕುಣಿದಾಡಿದ. "ಮನೆ ಒಳ್ಗೇ ಅಗೀತಾವ್ಳೆ ಕಣ್ಲಾ. ಓಗ್ ತಡೀಲಾ ಮಲ್ಲೇಶ."

"ಆ ಕೇರಿ ಒಳಿಕ್ಕಾ? ಅದ್ರಲ್ಲೂ ಸಾವಿನ್ ಮನೆ. ನೀನೇ ಓಗು ದೊಡ್ಡಪ್ಪ."

ಅವರ ಮನೆತನದವರು ತಾತನ ಕಾಲದಿಂದಲೂ ಆ ಕೇರಿಗೆ ಕಾಲಿಟ್ಟವರಲ್ಲ. ಇಬ್ಬರೂ ಚೆಲ್ಲಿದ ಗಂಜಲದ ಆಚೆಗೇ ನಿಂತರು.

ಕೇರಿಯವರು ಹೆಣವನ್ನು ಒಳಗೆ ತಂದು ಗುಂಡಿಗಿಳಿಸಿ ಮಣ್ಣು ಎಳೆದ ಮೇಲೆ ಸೋಮಮ್ಮ ಕೈ ಜೋಡಿಸಿದಳು. ಕೇಡು ಬಗೆದವರನ್ನು ಕ್ಷಮಿಸೆಂದು ಬೇಡಿಕೊಳ್ಳಬೇಕು, ಪಾಸ್ಟರು ಹೇಳಿಕೊಟ್ಟಿದ್ದರು. ಬಾಯಿ ಬರಲಿಲ್ಲ.

"ಇವತ್ ಬ್ಯಾಡ ಕಣಪ್ಪ," ಎಂದಳು. "ಇನ್ನೊಂದಿನ ನೋಡನ."

ಮರುದಿನ ಕೇರಿಯಿಂದ ಯಾರೂ ಕೊಟ್ಟಿಗೆಗೆ ಹೋಗಲಿಲ್ಲ. ಅದರ ಮರುದಿನವೂ ಇಲ್ಲ. ಹಸುಗಳು ಸಗಣಿಯಲ್ಲಿ ಗೊರಸು ಹೂತು ಅರಚುತ್ತಿದ್ದವು. ಕಟ್ಟಿಕೊಂಡ ಮೋರಿಯಿಂದ ಗಂಜಲ ಉಕ್ಕಿ, ಚಂದ್ರಮತಿ ಇಟ್ಟ ರಂಗೋಲಿಯ ಮೇಲೆ ಹರಿದು, ದೇವರ ಕೋಣೆಯ ಕಡೆಗೆ ತಿರುಗಿತು. ಸೋಮಮ್ಮ ಹಸಿ ಮಣ್ಣಿನ ಪಕ್ಕ ಕೂತು ಒಲೆ ಹಚ್ಚಿದಳು.